ಝೆನಾನ್ ಲೈಟೂ ಎರಡು ಸುತ್ತು ಸ್ಕ್ರೂವೂ

ಹೆಡ್‌ಲೈಟ್ ಮಂಕಾಗಿದೆ ಎಂದು ಯಾರಾದರೂ ಕಾರು ತಂದು ನಿಲ್ಲಿಸಿದರೆ ಮೊದಲು ಬಲ್ಬಿಗೆ ಕೈ ಹಾಕಬೇಡಿ. ಒದ್ದೆ ಬಟ್ಟೆ ತೆಗೆದುಕೊಂಡು ಲೈಟಿನ ಮುಂದಿನ ಗಾಜನ್ನು ಒರೆಸಿ. ಗಾಜು ಎನ್ನುವುದು ಬಾಯಿಮಾತಿಗೆ, ಈಗಿನದೆಲ್ಲ ಪ್ಲಾಸ್ಟಿಕ್. ಸಿಂಗಾಪುರದ ಬಿಸಿಲಲ್ಲಿ ಆರೇಳು ವರ್ಷ ಬಯಲಲ್ಲಿ ನಿಂತ ಕಾರಿನ ಗಾಜು ಹಳೆಯ ಎಣ್ಣೆ ಬಾಟಲಿಯ ಹಾಗೆ ಹಳದಿಯಾಗಿರುತ್ತದೆ. ಅರ್ಧ ಬೆಳಕು ಅಲ್ಲೇ ಸತ್ತಿರುತ್ತದೆ. ಆಮೇಲೆ ಬಲ್ಬು, ಆಮೇಲೆ ವೈರು, ಆಮೇಲೆ ಒಳಗಿನ ಕನ್ನಡಿ. ಎಲ್ಲಕ್ಕಿಂತ ಕೊನೆಗೆ, ಬೆಳಕನ್ನು ಮೇಲೆ ಕೆಳಗೆ ಮಾಡುವ ಸ್ಕ್ರೂ. ಈ ಕ್ರಮವನ್ನು ನನಗೆ ಯಾರೂ ಬರೆದುಕೊಟ್ಟಿರಲಿಲ್ಲ. ಒಂದೊಂದೇ ತಪ್ಪು ಮಾಡಿ ಕಲಿತದ್ದು.

ನನ್ನ ಹೆಸರು ಸದಾನಂದ. ಊರು ಉಡುಪಿ ಹತ್ತಿರದ ಕಟಪಾಡಿ. ಬೂನ್ ಲೇ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಆಟೋ ಎಲೆಕ್ಟ್ರಿಷಿಯನ್ ಆಗಿದ್ದೆ. ಈಗ ಸೆಂಗ್‌ಕಾಂಗ್‌ನಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೇನೆ. ತಂಗಿಯ ಮಗಳೊಬ್ಬಳು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಇಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. "ಕೆಲಸ ನಿಜಕ್ಕೂ ಹೇಗಿರ್ತದೆ ಮಾವ?" ಎಂದು ಫೋನಿನಲ್ಲಿ ಕೇಳಿದಳು. ಚೆನ್ನಾಗಿರ್ತದೆ ಎಂದು ಹೇಳಿ ಇಟ್ಟುಬಿಟ್ಟೆ. ಆಮೇಲೆ ಅದು ಸರಿಯಾದ ಉತ್ತರವಲ್ಲ ಎನ್ನಿಸಿತು. ಅದಕ್ಕೆ ಬರೆಯುತ್ತಿದ್ದೇನೆ.

ಕೆಲಸ ಎಂದರೆ ಮುಖ್ಯವಾಗಿ ಮಂಡಿ ನೋವು. ಹೆಡ್‌ಲೈಟ್ ಇರುವುದು ನಿಂತರೆ ಕೈಗೆ ಸಿಗದ, ಕುಳಿತರೆ ಕಣ್ಣಿಗೆ ಸಿಗದ ಎತ್ತರದಲ್ಲಿ. ದಿನವೆಲ್ಲ ಅರ್ಧ ಬಗ್ಗಿ ಇರಬೇಕು. ಬಂಪರ್ ಬಿಚ್ಚಬೇಕು, ಅದರ ಕ್ಲಿಪ್ಪುಗಳು ಮುರಿಯದ ಹಾಗೆ. ಎಂಜಿನ್ ಇನ್ನೂ ಬಿಸಿ ಇರುವಾಗಲೇ ಅದರ ಪಕ್ಕದ ಸಂದಿಯೊಳಗೆ ಕೈ ತೂರಿಸಬೇಕು. ನನ್ನ ಬಲಗೈಯ ಹಿಂಭಾಗದಲ್ಲಿ ಇರುವ ಗೀರುಗಳೆಲ್ಲ ಬ್ಯಾಟರಿ ಟ್ರೇ ಮತ್ತು ಲೈಟಿನ ನಡುವಿನ ಆ ಸಂದಿಯವು. ಬೆಳಿಗ್ಗೆ ಎಂಟೂವರೆಗೆ ಶುರು, ಸಂಜೆ ಆರೂವರೆಗೆ ಮುಕ್ತಾಯ, ಶನಿವಾರವೂ ಸೇರಿ. ಮಧ್ಯಾಹ್ನ ಎರಡರ ಹೊತ್ತಿಗೆ ಮಾಡಿನ ತಗಡು ಶೀಟಿನ ಕೆಳಗೆ ಫ್ಯಾನ್ ಬೀಸುವುದೂ ಬಿಸಿಗಾಳಿಯನ್ನೇ.

ವರ್ಕ್‌ಶಾಪಿನ ಯಜಮಾನರು ಲಿಮ್ ಅಂತ. ನಾವೆಲ್ಲ ಟೌಕೆ ಎನ್ನುತ್ತಿದ್ದೆವು. ಇಲ್ಲಿ ಯಜಮಾನನನ್ನು ಹಾಗೆಯೇ ಕರೆಯುವುದು. ಮಾತು ಬಹಳ ಕಡಿಮೆ. ಹೊಗಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಆದರೆ ಕಿವಿ ಬಹಳ ಚುರುಕು. ಕಾರು ಒಳಗೆ ಬರುತ್ತಿರುವಾಗಲೇ ಎಡಗಡೆ ಲೈಟಿನ ಬ್ಯಾಲಸ್ಟ್ ಹೋಗುತ್ತಿದೆ ಎಂದು ಅದರ ಗುಂಯ್ ಶಬ್ದದಿಂದ ಹೇಳಿಬಿಡುತ್ತಿದ್ದರು. ಬ್ಯಾಲಸ್ಟ್ ಎಂದರೆ ಝೆನಾನ್ ಬಲ್ಬಿಗೆ ಕರೆಂಟ್ ಏರಿಸಿ ಕೊಡುವ ಡಬ್ಬ. ಝೆನಾನ್ ಬಲ್ಬಿನಲ್ಲಿ ತಂತಿ ಇಲ್ಲ. ಸಣ್ಣ ಗಾಜಿನ ಗುಳ್ಳೆಯೊಳಗೆ ಅನಿಲ, ಅದರ ಮಧ್ಯೆ ಒಂದು ಕಿಡಿ ಹಾರಬೇಕು. ಆ ಕಿಡಿಗೆ ಬ್ಯಾಟರಿಯ ಹನ್ನೆರಡು ವೋಲ್ಟ್ ಯಾವ ಮೂಲೆಗೂ ಸಾಲದು, ಸಾವಿರಾರು ವೋಲ್ಟ್ ಬೇಕು.

ಇದು ನನಗೆ ಗೊತ್ತಿರಲಿಲ್ಲ. ಉಡುಪಿಯಲ್ಲಿ ಖಾಸಗಿ ಬಸ್ಸುಗಳ ವೈರಿಂಗ್ ಮಾಡಿ ಬಂದವನು ನಾನು. ಬಸ್ಸಿನ ಹೆಡ್‌ಲೈಟ್ ಉರಿಯುತ್ತಿರುವಾಗಲೇ ಬಲ್ಬು ಕಿತ್ತು ಇನ್ನೊಂದು ಹಾಕಿದವನು. ಮೊದಲ ಝೆನಾನ್ ಕಾರು ಬಂದ ದಿನವೂ ಹಾಗೇ ಪ್ಲಗ್ಗಿಗೆ ಕೈ ಹಾಕಿದೆ. ಯಾರೋ ಎದೆಗೆ ಒದ್ದ ಹಾಗಾಯಿತು. ಕಣ್ಣು ಬಿಟ್ಟಾಗ ಟೈರುಗಳ ರಾಶಿಗೆ ಒರಗಿ ಕುಳಿತಿದ್ದೆ. ಮೊಣಕೈವರೆಗೆ ಕೈ ನನ್ನದಲ್ಲ ಎನ್ನಿಸುತ್ತಿತ್ತು. ಟೌಕೆ ಬಂದು ನೋಡಿದರು, ಪ್ಲಾಸ್ಟಿಕ್ ಚೀಲದಲ್ಲಿದ್ದ ತಮ್ಮ ಕಾಫಿಯನ್ನು ನನ್ನ ಎಡಗೈಗೆ ಕೊಟ್ಟರು.

"ಬದುಕಿದ್ದೀಯಲ್ಲ. ಕುಡಿ ಲಾ," ಎಂದರು. ಇಲ್ಲಿಯವರ ಮಾತಿನ ಕೊನೆಗೆ ಆ 'ಲಾ' ಇದ್ದೇ ಇರುತ್ತದೆ.

ಮಾರನೆಯ ದಿನದಿಂದ ಒಂದು ನಿಯಮ ಬಂತು. ಲೈಟಿನ ಕೆಲಸ ಮಾಡುವವನ ಜೇಬಿನಲ್ಲೇ ಆ ಕಾರಿನ ಕೀ ಇರಬೇಕು. ಕೀ ಬೇರೆಯವರ ಹತ್ತಿರ ಇದ್ದರೆ ಬಾನೆಟ್ ಎತ್ತುವ ಹಾಗಿಲ್ಲ. ಹೊಸಬರೇ, ನೀವು ಎಲ್ಲೇ ಕೆಲಸಕ್ಕೆ ಸೇರಿ, ಇದೊಂದನ್ನು ಪಾಲಿಸಿ.

ಆಮೇಲೆ ನೀಲಿ ಬಲ್ಬಿನ ಕಾಲ ಬಂತು. ಎಲ್ಲರಿಗೂ ನೀಲಿ ಬೇಕು. ಕಂಪನಿಯಿಂದ ಬರುವ ಬಲ್ಬು ಸ್ವಲ್ಪ ಹಾಲಿನ ಬಣ್ಣ, ನೋಡಲು ಸಪ್ಪೆ. ನೀಲಿಯದ್ದು ಹಾಕಿದರೆ ಕಾರು ದುಬಾರಿಯದ್ದಾಗಿ ಕಾಣುತ್ತದೆ. ನನಗೂ ಅದೇ ಹೆಚ್ಚು ಬೆಳಕು ಎಂದು ನಂಬಿಕೆ. ಕೇಳಿದವರಿಗೂ ಹಾಕಿದೆ, ಕೇಳದವರಿಗೂ ಹೇಳಿ ಹಾಕಿಸಿದೆ. ಅವರಲ್ಲಿ ಒಬ್ಬ ಗಿರಾಕಿ ವಾರಕ್ಕೊಮ್ಮೆ ಮಲೇಷ್ಯಾಕ್ಕೆ ಕಾರಲ್ಲಿ ಹೋಗಿ ಬರುವವರು. ಹದಿನೈದು ದಿನಕ್ಕೆ ವಾಪಸ್ ಬಂದು, ಸೇತುವೆ ದಾಟುವವರೆಗೆ ಏನೂ ತಿಳಿಯಲಿಲ್ಲ, ದಾಟಿದ ಮೇಲೆ ಮಳೆ ಬಂತು, ರಸ್ತೆಯೇ ಮಾಯವಾಯಿತು ಎಂದು ಕೂಗಾಡಿದರು. ನಿಜವೇ. ಸಿಂಗಾಪುರದಲ್ಲಿ ಬೀದಿದೀಪ ಎಷ್ಟಿವೆ ಎಂದರೆ ಕಾರಿಗೆ ಲೈಟೇ ಇಲ್ಲದಿದ್ದರೂ ಮನೆ ಸೇರಬಹುದು. ಲೈಟಿನ ಯೋಗ್ಯತೆ ತಿಳಿಯುವುದು ಕತ್ತಲೆ ಇರುವ ಕಡೆ.

ಟೌಕೆ ಏನೂ ಹೇಳದೆ ಒಳಗಿನಿಂದ ಬೆಳಕು ಅಳೆಯುವ ಮೀಟರ್ ತಂದರು. ಎದುರಿನ ಬಿಳಿ ಗೋಡೆಗೆ ಕಾರು ನಿಲ್ಲಿಸಿ, ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳೆಯ ಸಪ್ಪೆ ಬಲ್ಬು ಹಾಕಿಸಿದರು. ಕಣ್ಣಿಗೆ ನೀಲಿಯೇ ಜೋರು. ಮೀಟರಿನಲ್ಲಿ ಅದೇ ಕಮ್ಮಿ, ಅದೂ ತುಂಬಾ ಕಮ್ಮಿ.

"ನಿನ್ನ ಕಣ್ಣು ಸುಳ್ಳು ಹೇಳುತ್ತೆ," ಎಂದರು. "ಇದು ಹೇಳಲ್ಲ."

ಚುಚ್ಚುವ ಬೆಳಕು ಬೇರೆ, ದಾರಿ ತೋರಿಸುವ ಬೆಳಕು ಬೇರೆ ಎಂದು ನನಗೆ ಅರ್ಥವಾದದ್ದು ಅವತ್ತು. ನಾನಾಗಿ ಹೇಳಿ ಹಾಕಿಸಿದವರಿಗೆಲ್ಲ ಫೋನ್ ಮಾಡಿ ಕರೆಸಿ ಬಲ್ಬು ಬದಲಾಯಿಸಿಕೊಟ್ಟೆ. ಅರ್ಧ ಜನ ಬರಲಿಲ್ಲ. ಅವರಿಗೆ ನೀಲಿಯೇ ಇಷ್ಟವಾಗಿತ್ತು.

ಗಾಜು ಉಜ್ಜುವ ಕೆಲಸದಲ್ಲೂ ಒಂದು ಮರ್ಯಾದೆ ಹೋದ ಪ್ರಸಂಗ ಇದೆ. ನೀರು ಹಾಕಿ ಒರಟು ಕಾಗದದಿಂದ ಶುರು ಮಾಡಿ, ನುಣ್ಣಗಿನದಕ್ಕೆ ಬಂದು, ಆಮೇಲೆ ಪಾಲಿಶ್. ಒಂದೊಂದು ಲೈಟಿಗೆ ಮುಕ್ಕಾಲು ಗಂಟೆ. ಮುಗಿದಾಗ ಹೊಸತರ ಹಾಗೆ ಫಳಫಳ ಅನ್ನುತ್ತದೆ, ಗಿರಾಕಿ ನಗುತ್ತಾನೆ, ನಮಗೆ ಬೆನ್ನು ನೆಟ್ಟಗೆ ಮಾಡುವ ಆತುರ. ಆದರೆ ಬಿಸಿಲು ತಡೆಯುವ ಲೇಪ ಅದರ ಮೇಲೆ ಹಚ್ಚದಿದ್ದರೆ ಆ ಹೊಳಪು ನಾಲ್ಕು ತಿಂಗಳೂ ಬಾಳುವುದಿಲ್ಲ. ಒಬ್ಬ ಸ್ಕೂಲ್ ಟೀಚರ್ ಕಾರಿಗೆ ನಾನು ಆತುರದಲ್ಲಿ ಲೇಪ ಬಿಟ್ಟೆ. ಅವರು ತಿರುಗಿ ಬಂದಾಗ ಗಾಜು ಮೊದಲಿಗಿಂತ ಹಳದಿ. ಅವರು ಬೈಯಲಿಲ್ಲ. ನನ್ನ ಪಕ್ಕ ನಿಂತು, ಎರಡನೇ ಸಲ ನಾನು ಮಾಡಿದ್ದನ್ನೆಲ್ಲ ಮೊದಲಿಂದ ಕೊನೆವರೆಗೆ ನೋಡಿದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಈಗ ಝೆನಾನ್ ಹೋಗಿ ಎಲ್‌ಇಡಿ ಬಂದಿದೆ. ಲೈಟು ಪೂರ್ತಿ ಒಂದೇ ಗಟ್ಟಿ ಡಬ್ಬ, ಕೆಟ್ಟರೆ ಬಿಚ್ಚುವ ಹಾಗಿಲ್ಲ, ಇಡಿಯಾಗಿ ಬದಲಿಸಬೇಕು. ಲ್ಯಾಪ್‌ಟಾಪ್ ಚುಚ್ಚಿ ಲೈಟಿನ ಎತ್ತರ ಸರಿ ಮಾಡುತ್ತಾರೆ. ನನ್ನ ಕೊನೆಯ ಎರಡು ವರ್ಷ ನಾನು ಹೆಚ್ಚಾಗಿ ಡಬ್ಬ ಬದಲಿಸುವವನಾಗಿದ್ದೆ. ಆದರೂ ಹಳೆಯ ಝೆನಾನ್ ಕಾರುಗಳು ರಸ್ತೆಯಲ್ಲಿ ಇನ್ನೂ ಇವೆ. ನಾನು ಹೇಳಬೇಕೆಂದಿರುವ ಮುಖ್ಯ ವಿಷಯವೂ ಅಂಥ ಒಂದು ಕಾರಿನದೇ. ಇಷ್ಟು ಹೊತ್ತು ಬೇರೆಲ್ಲ ಬರೆದದ್ದು ಅದಕ್ಕೆ ಬರುವ ಧೈರ್ಯ ಮಾಡಿಕೊಳ್ಳಲು.

ರವಿಶಂಕರ್ ಮೈಸೂರಿನವರು. ಜುರಾಂಗ್ ಈಸ್ಟ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಕೆಲಸ, ಐವತ್ತೈದು ದಾಟಿದ ವಯಸ್ಸು. ಮೊದಲ ಸಲ ಅವರು ಬಂದದ್ದು ಬ್ಯಾಟರಿಗೆ. ನಾನು ಫೋನಿನಲ್ಲಿ ಊರಿನವರ ಜೊತೆ ಮಾತಾಡುತ್ತಿದ್ದೆ. "ಅರೆ, ನೀವು ಕನ್ನಡದೋರಾ?" ಎಂದು ಅವರು ನಿಂತುಬಿಟ್ಟರು. ಆಮೇಲೆ ಏನೇ ಕೆಲಸ ಇದ್ದರೂ ನನ್ನ ಹತ್ತಿರವೇ. ದೀಪಾವಳಿಗೆ ಮನೆಯಲ್ಲಿ ಮಾಡಿದ ಮೈಸೂರು ಪಾಕ್ ತರುತ್ತಿದ್ದರು. ಟೌಕೆಗೂ ಒಂದು ಡಬ್ಬಿ.

ಅವರ ಕಾರಿಗೆ ಎಂಟು ವರ್ಷವಾಗಿತ್ತು. ಒಂದು ಶನಿವಾರ ಬಂದು, "ಸದಾನಂದ್, ಲೈಟ್ ಸಾಕಾಗ್ತಿಲ್ಲ. ಕತ್ತಲಾದ್ಮೇಲೆ ಡ್ರೈವ್ ಮಾಡೋಕೆ ತುಂಬಾ ಸ್ಟ್ರೆಸ್ ಆಗುತ್ತೆ. ಏನಾದ್ರೂ ಮಾಡಿ," ಎಂದರು.

ಗಾಜು ಉಜ್ಜಿದೆ, ಲೇಪ ಹಚ್ಚಿದೆ. ಹತ್ತು ದಿನಕ್ಕೆ ಮತ್ತೆ ಬಂದರು, ಪರವಾಗಿಲ್ಲ ಆದರೆ ಸಾಲದು ಅಂತ. ಝೆನಾನ್ ಬಲ್ಬು ಒಮ್ಮೆಗೇ ಸಾಯುವುದಿಲ್ಲ, ವರ್ಷಗಟ್ಟಲೆ ಮೆಲ್ಲಗೆ ಮಂಕಾಗುತ್ತದೆ. ಹಾಗಾಗಿ ಎರಡನ್ನೂ ಜೋಡಿಯಾಗಿ ಬದಲಿಸಿದೆ. ಒಂದನ್ನೇ ಬದಲಿಸಿದರೆ ಎರಡು ಕಣ್ಣು ಎರಡು ಬಣ್ಣ. ಮೂರನೇ ಸಲ ಬಂದಾಗ ತುಕ್ಕು ಹಿಡಿದ ಅರ್ತ್ ವೈರ್ ಕತ್ತರಿಸಿ ಹೊಸದು ಕಟ್ಟಿದೆ. ಕಾರನ್ನು ಎರಡು ದಿನ ಇಟ್ಟುಕೊಂಡು, ಇಡೀ ಲೈಟನ್ನು ಬಿಸಿ ಮಾಡಿ ಬಿಡಿಸಿ, ಒಳಗೆ ಹೊಳಪು ಹೋಗಿದ್ದ ಕನ್ನಡಿ ಬಟ್ಟಲನ್ನೂ ಬದಲಿಸಿದೆ. ಮೀಟರ್ ಹಿಡಿದೆ. ಹೊಸ ಕಾರಿನ ಲೈಟಿಗೆ ಎಷ್ಟು ಇರಬೇಕೋ ಅಷ್ಟೇ ಇತ್ತು, ಕೂದಲೆಳೆಯೂ ಕಮ್ಮಿ ಇಲ್ಲ.

ಅವರು ನಾಲ್ಕನೇ ಸಲ ಬಂದರು. ಅವತ್ತು ಜೊತೆಗೆ ಕಾಲೇಜಿಗೆ ಹೋಗುವ ಮಗಳೂ ಇದ್ದಳು, ಕಾರಲ್ಲೇ ಕುಳಿತು ಫೋನ್ ನೋಡುತ್ತಿದ್ದಳು.

"ಇನ್ನೂ ಸ್ವಲ್ಪ ಬೇಕು ಸದಾನಂದ್. ಎದುರಿಂದ ಗಾಡಿ ಬಂದ್ರೆ ಅದ್ರ ಲೈಟ್ ಸುತ್ತ ಒಂಥರಾ ರಿಂಗ್ ರಿಂಗ್ ಕಾಣ್ಸುತ್ತೆ. ಆಮೇಲೆ ಎರಡು ನಿಮಿಷ ನಂಗೇನೂ ಕಾಣಲ್ಲ."

ಆ ಮಾತು ಕೇಳಿದ ತಕ್ಷಣ ನನಗೆ ನನ್ನ ತಾಯಿ ನೆನಪಾದರು. ಕಣ್ಣಿಗೆ ಪೊರೆ ಬಂದ ವರ್ಷ ಅವರೂ ಬೀದಿದೀಪದ ಸುತ್ತ ಬಳೆ ಕಾಣುತ್ತದೆ ಎನ್ನುತ್ತಿದ್ದರು. 'ಸಾರ್, ಒಂದ್ಸಲ ಕಣ್ಣು ತೋರಿಸ್ತೀರಾ?' ಎನ್ನುವ ಮಾತು ನಾಲಿಗೆ ತುದಿಗೆ ಬಂತು. ಮಗಳು ಕುಳಿತಿದ್ದಾಳೆ. ಅವರು ದೊಡ್ಡ ಮನುಷ್ಯರು. ಮೆಕ್ಯಾನಿಕ್ ಒಬ್ಬ ಅವರಿಗೆ ನಿಮ್ಮ ಕಣ್ಣು ಸರಿ ಇಲ್ಲ ಎಂದು ಹೇಗೆ ಹೇಳುವುದು? ಹೇಳಿದರೆ ತನಗೆ ಕೆಲಸ ಬರದ್ದಕ್ಕೆ ನೆಪ ಹೇಳುತ್ತಿದ್ದಾನೆ ಎಂದುಕೊಂಡರೆ? ನಾನು ಮಾತು ನುಂಗಿಕೊಂಡೆ. ಡ್ರೈವರ್ ಮುಂದಿನ ದೊಡ್ಡ ಗಾಜಿನ ಮೇಲೆ ಎಣ್ಣೆ ಪದರ ಇದ್ದರೂ ಹಾಗಾಗುತ್ತದೆ ಸಾರ್ ಎಂದು ಹೇಳಿ ಅದನ್ನು ತೊಳೆದುಕೊಟ್ಟೆ.

"ಒಂದು ಕೆಲ್ಸ ಮಾಡಿ, ಲೈಟ್ ಸ್ವಲ್ಪ ಮೇಲೆ ಮಾಡಿ. ದೂರಕ್ಕೆ ಬೀಳ್ಲಿ," ಎಂದರು.

"ಎದುರಿನವರ ಕಣ್ಣಿಗೆ ಹೊಡೀತದೆ ಸಾರ್."

"ಸ್ವಲ್ಪ ಮಾತ್ರ. ಎಲ್ಲಾ ಗಾಡೀದೂ ಹಂಗೇ ಇರುತ್ತಪ್ಪ. ನನ್ ಸೇಫ್ಟಿಗೋಸ್ಕರ ಕೇಳ್ತಿದೀನಿ."

ಟೌಕೆ ಊಟಕ್ಕೆ ಹೋಗಿದ್ದರು. ಗಂಟೆ ಒಂದೂವರೆ. ನನ್ನ ಹಿಂದೆ ಇನ್ನೂ ಮೂರು ಕಾರು ಕಾಯುತ್ತಿದ್ದವು. ಮಂಡಿ ಸಿಡಿಯುತ್ತಿತ್ತು. ಇವರನ್ನು ಒಮ್ಮೆ ಕಳಿಸಿಬಿಟ್ಟರೆ ಸಾಕಪ್ಪ ಎನ್ನಿಸಿತ್ತು, ಅದನ್ನೂ ಬರೆಯುತ್ತೇನೆ. ಸ್ಕ್ರೂ ಡ್ರೈವರ್ ತಗೊಂಡು ಆ ಕಡೆ ಎರಡು ಸುತ್ತು, ಈ ಕಡೆ ಎರಡು ಸುತ್ತು ತಿರುಗಿಸಿದೆ. ಬೆಳಕು ಇದನ್ನು ದಾಟಬಾರದು ಎಂದು ಗೋಡೆಯ ಮೇಲೆ ಟೌಕೆ ಎಳೆದಿದ್ದ ಕಪ್ಪು ಗೆರೆಗಿಂತ ಬೆಳಕಿನ ಅಂಚು ನಾಲ್ಕು ಬೆರಳು ಮೇಲೆ ಹೋಯಿತು. ಗೋಡೆಯ ಮೇಲೆ ನಾಲ್ಕು ಬೆರಳು ಎಂದರೆ ರಸ್ತೆಯಲ್ಲಿ ಎದುರಿನವನ ಮುಖ.

ಮೂರು ವಾರದ ಮೇಲೆ ಸೋಮವಾರ ಬೆಳಿಗ್ಗೆ ಅವರು ಬಂದರು. ಗಡ್ಡ ಬೋಳಿಸಿರಲಿಲ್ಲ. ಕಾರಿಂದ ಇಳಿದು ಬಾಗಿಲು ಹಾಕುವುದನ್ನೂ ಮರೆತರು.

ಹಿಂದಿನ ಶುಕ್ರವಾರ ಸಂಜೆ ಏಳೂವರೆಯ ಹೊತ್ತಿಗೆ, ದ್ವೀಪದ ವಾಯವ್ಯ ಮೂಲೆಯ ತೋಟಗಳ ಕಡೆಯ ಒಂದು ಸಣ್ಣ ರಸ್ತೆಯಲ್ಲಿ ಹೋಗುತ್ತಿದ್ದರಂತೆ. ಸಹೋದ್ಯೋಗಿಯೊಬ್ಬರನ್ನು ಮನೆಗೆ ಬಿಟ್ಟು ತಿರುಗಿ ಬರುತ್ತಿದ್ದದ್ದು. ಮಧ್ಯೆ ಕಟ್ಟೆ ಇಲ್ಲದ, ಎರಡೂ ಕಡೆ ಗಾಡಿ ಓಡುವ ರಸ್ತೆ, ದೀಪ ಕಡಿಮೆ. ಮಳೆ. ಎದುರಿನಿಂದ ಬಂದ ಒಂದು ಮೋಟಾರ್ ಸೈಕಲ್ ಇದ್ದಕ್ಕಿದ್ದಂತೆ ತನ್ನ ಎಡಕ್ಕೆ ಸರಿದು ಚರಂಡಿಗೆ ಬಿತ್ತು. ಇವರು ನಿಲ್ಲಿಸಿ, ಆಂಬುಲೆನ್ಸ್ ಕರೆದು, ಅದು ಬರುವವರೆಗೆ ಮಳೆಯಲ್ಲಿ ಸವಾರನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಅವನ ಕಾಲು ಮುರಿದಿತ್ತು. ಪೊಲೀಸರು ಬಂದು ಇಬ್ಬರ ಹೇಳಿಕೆ ಬರೆದುಕೊಂಡರು. ಸವಾರ ಮಳೆಯಲ್ಲಿ ಜೋರಾಗಿ ಬಂದು ಜಾರಿದ್ದು ಎಂದಾಯಿತು.

"ಹೈ ಬೀಮ್ ಹಾಕಿದ್ರಾ ಅಂತ ಕೇಳಿದ್ರು," ಎಂದರು ರವಿಶಂಕರ್. "ಹಾಕಿರ್ಲಿಲ್ಲ ಅಂದೆ. ಅದು ನಿಜಾನೇ ತಾನೆ." ಲೈಟಿನ ಕಡೆ ಕೈ ತೋರಿಸಿದರು. "ಅದನ್ನ ಇಳಿಸ್ಬಿಡಿ ಸದಾನಂದ್."

ಇಳಿಸಿದೆ. ಬೆಳಕು ಗೆರೆಗೆ ಬಂದ ಮೇಲೆ ಎದ್ದು ನಿಂತು, ಮೊದಲೇ ಹೇಳಬೇಕಾಗಿದ್ದ ಮಾತನ್ನು ಹೇಳಿದೆ.

"ಸಾರ್, ಲೈಟಲ್ಲಿ ಏನೂ ತೊಂದ್ರೆ ಇಲ್ಲ. ಒಮ್ಮೆ ಕಣ್ಣು ತೋರಿಸಿ."

ಅವರು ನನ್ನನ್ನೇ ನೋಡಿದರು. "ನಿಮಗೆ ಯಾವಾಗಿಂದ ಹಂಗನ್ನಿಸ್ತಿತ್ತು?"

"ಹೋದ ಸಲ ನೀವು ರಿಂಗ್ ಕಾಣ್ತದೆ ಅಂದಾಗ."

"ಅವತ್ತೇ ಹೇಳ್ಬಹುದಿತ್ತು."

"ಹೌದು ಸಾರ್."

ಅವರು ಕಾರಲ್ಲಿ ಕುಳಿತರು. ಸ್ಟಾರ್ಟ್ ಮಾಡಲಿಲ್ಲ. ಐದು ನಿಮಿಷ ಇರಬಹುದು, ಸ್ಟಿಯರಿಂಗ್ ಮೇಲೆ ಕೈ ಇಟ್ಟು ಹಾಗೇ ಇದ್ದರು. ಆಮೇಲೆ ಇಳಿದು ಬಂದು ಕೀ ನನ್ನ ಕೈಗೆ ಕೊಟ್ಟರು. "ಇಲ್ಲೇ ಇರ್ಲಿ. ಡಾಕ್ಟರ್ ಹತ್ರ ಹೋಗಿ ಬರೋವರ್ಗೂ ನಾನು ಮುಟ್ಟಲ್ಲ," ಎಂದು ಬಸ್ ಸ್ಟಾಪಿನ ಕಡೆ ನಡೆದುಹೋದರು.

ಸಂಜೆ ಟೌಕೆಗೆ ಎಲ್ಲವನ್ನೂ ಹೇಳಿದೆ, ಆ ಸವಾರನನ್ನು ನೋಡಿ ಬರಬೇಕು ಎಂದೂ ಹೇಳಿದೆ. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಇಲ್ಲ.

"ಗೋಡೆ ಮೇಲೆ ಆ ಗೆರೆ ಯಾರಿಗೋಸ್ಕರ ಎಳೆದದ್ದು? ಗಿರಾಕಿಗೋಸ್ಕರಾನಾ?" ಎಂದು ಮಾತ್ರ ಕೇಳಿದರು. ಆಮೇಲೆ ಹೇಳಿದರು: "ಆಸ್ಪತ್ರೆಗೆ ಹೋಗ್ಬೇಡ. ಯಾರಿಗೂ ಹೇಳ್ಬೇಡ. ಪೊಲೀಸ್ ಮುಗಿಸಿದ್ದಾರೆ, ನೀನು ಯಾಕೆ ತೆಗೀತೀಯಾ? ಈ ವರ್ಕ್‌ಶಾಪ್ ನಂಬಿ ಒಂಬತ್ತು ಮನೆ ಇದೆ ಲಾ."

ಅದೂ ಸುಳ್ಳಲ್ಲ. ಅದರಲ್ಲಿ ನನ್ನ ಮನೆಯೂ ಒಂದು. ಎರಡು ದಿನ ಹೋಗಲಿಲ್ಲ. ಮೂರನೇ ದಿನ ಬೆಳಿಗ್ಗೆ ದೋಸೆ ಹಾಕುತ್ತಿದ್ದ ಹೆಂಡತಿ ವಸಂತಿಗೆ, ಏನು ಮಾಡಲಿ ಎಂದು ಐದನೇ ಸಲವೋ ಆರನೇ ಸಲವೋ ಕೇಳಿದೆ. ಅವಳು ಕಾವಲಿಯಿಂದ ಕಣ್ಣು ತೆಗೆಯದೆ ನಮ್ಮ ತುಳುವಿನಲ್ಲೇ ಹೇಳಿದಳು: "ಹೋಗಬೇಡ ಅಂತ ನಾನು ಹೇಳಬೇಕು ಅಂತ ಕಾಯ್ತಾ ಇದ್ದೀರಿ. ನಾನು ಹೇಳುವುದಿಲ್ಲ."

ಮಧ್ಯಾಹ್ನ ರಜೆ ಹಾಕಿ, ರವಿಶಂಕರ್ ಹೇಳಿದ್ದ ಆಸ್ಪತ್ರೆಗೆ ಹೋದೆ. ಸವಾರನ ಹೆಸರು ಹಮೀದ್, ಮೂವತ್ತೈದರ ಆಸುಪಾಸು. ಮಲೇಷ್ಯಾದ ಜೋಹೋರಿನವನು. ದಿನಾ ಬೆಳಿಗ್ಗೆ ಗಡಿ ದಾಟಿ ಬಂದು ಬೂನ್ ಲೇ ಕಡೆಯ ಒಂದು ಕಾರ್ಖಾನೆಯಲ್ಲಿ ದುಡಿದು ಸಂಜೆ ವಾಪಸ್ ಹೋಗುವವನು. ಕಾಲಿಗೆ ತೊಡೆವರೆಗೆ ಪಟ್ಟಿ ಹಾಕಿ ಎತ್ತಿ ಕಟ್ಟಿದ್ದರು. ನನಗೆ ಬರುವ ವರ್ಕ್‌ಶಾಪಿನ ಮಲಯ್ ಭಾಷೆಯಲ್ಲಿ ನಾನು ಯಾರು ಎಂದು ಹೇಳಿ, ನಡೆದದ್ದನ್ನು ಮೊದಲಿಂದ ಹೇಳಿದೆ.

ಮುಗಿದ ಮೇಲೆ, "ಎಷ್ಟು ಎತ್ತರಿಸಿದೆ ಅಂಕಲ್?" ಎಂದ.

ಮಂಚದ ಪಕ್ಕದ ಗೋಡೆಯ ಮೇಲೆ ನಾಲ್ಕು ಬೆರಳು ಇಟ್ಟು ತೋರಿಸಿದೆ.

"ಇಷ್ಟೇನಾ?"

"ಇಷ್ಟೇ."

ಅವನು ನನ್ನ ಬೆರಳುಗಳನ್ನು ಸುಮಾರು ಹೊತ್ತು ನೋಡಿದ. "ನನಗೆ ದಿನಾ ಇದೇ ಅಂಕಲ್. ಎದುರಿಂದ ಬರೋ ಕಾರುಗಳಲ್ಲಿ ಅರ್ಧ ಹೀಗೇ. ಕಣ್ಣಿಗೆ ಹೊಡೆದಾಗ ನಾನು ರಸ್ತೆ ಅಂಚಿನ ಬಿಳಿ ಗೆರೆ ನೋಡ್ಕೊಂಡು ಓಡಿಸ್ತೀನಿ. ಅವತ್ತು ಮಳೆ ನೀರಲ್ಲಿ ಆ ಗೆರೆ ಕಾಣ್ಲಿಲ್ಲ." ಆಮೇಲೆ, "ನಾನೇ ಜೋರಾಗಿ ಹೋದೆ ಅಂತ ಬರ್ಕೊಂಡಿದ್ದಾರೆ. ನಾನು ಜೋರಾಗಿ ಹೋಗಿರ್ಲಿಲ್ಲ," ಎಂದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ನನಗೆ ಹೇಳಿದ್ದನ್ನ ಅವರಿಗೂ ಹೇಳ್ತೀಯಾ?"

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಕ್ಷಮಿಸಿದೆ ಎನ್ನುತ್ತಾನೆ, ಇಲ್ಲವೇ ಬೈದು ಓಡಿಸುತ್ತಾನೆ, ಎರಡರಲ್ಲಿ ಒಂದು ಎಂದುಕೊಂಡು ಹೋಗಿದ್ದೆ. ಎರಡಾದರೂ ಅಲ್ಲಿಗೆ ಮುಗಿಯುತ್ತಿತ್ತು. ಅವನು ಕೇಳಿದ್ದು ಕೆಲಸಕ್ಕೆ ಬರುವ ಮಾತು. ತಪ್ಪು ಅವನ ಮೇಲೆಯೇ ಉಳಿದರೆ ವಿಮೆಯವರು ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಆ ಕಾಲಲ್ಲಿ ಅವನು ತಿಂಗಳುಗಟ್ಟಲೆ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ.

"ಹೇಳ್ತೀನಿ," ಎಂದೆ.

ಹೊರಗೆ ಬಂದು ಮೊದಲು ರವಿಶಂಕರ್‌ಗೆ ಫೋನ್ ಮಾಡಿದೆ. ಅವರು ಅವತ್ತೇ ಕಣ್ಣಿನ ಡಾಕ್ಟರನ್ನು ನೋಡಿ ಬಂದಿದ್ದರು. ಎರಡೂ ಕಣ್ಣಿಗೆ ಪೊರೆ, ಆಪರೇಷನ್ ಆಗಬೇಕು.

"ಸಾರ್, ನಾನು ಪೊಲೀಸರ ಹತ್ರ ಹೋಗ್ತಿದ್ದೇನೆ. ಲೈಟ್ ಎತ್ತಿದ್ದನ್ನ ಹೇಳ್ತೇನೆ."

"ನಾನು ಕೇಳಿದ್ದಕ್ಕೆ ಮಾಡಿದ್ದು ಅಂತಾನೂ ಹೇಳ್ಬೇಕಾ?"

"ಹೇಳ್ಬೇಕು ಸಾರ್."

"ನನ್ ಪಿಆರ್‌ಗೆ ಏನಾದ್ರೂ ತೊಂದ್ರೆ ಆಗುತ್ತೇನ್ರೀ?"

"ಗೊತ್ತಿಲ್ಲ ಸಾರ್. ನಂದೂ ಪಿಆರೇ." ಪಿಆರ್ ಎಂದರೆ ಇಲ್ಲಿ ಕಾಯಂ ಆಗಿ ನೆಲೆಸಲು ಸರ್ಕಾರ ಕೊಡುವ ಅನುಮತಿ.

ಇಟ್ಟುಬಿಟ್ಟರು ಎಂದುಕೊಂಡೆ. "ಎಷ್ಟೊತ್ತಿಗೆ ಹೋಗ್ತೀರಾ?" ಎಂದರು. "ಒಬ್ರೇ ಹೋಗ್ಬೇಡಿ. ಟ್ಯಾಕ್ಸಿ ಮಾಡ್ಕೊಂಡು ಬರ್ತೀನಿ."

ಇಬ್ಬರೂ ಹೋದೆವು. ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಿ ಬರೆದುಕೊಂಡರು. ಆಮೇಲಿನದೆಲ್ಲ ತಿಂಗಳುಗಟ್ಟಲೆ ಎಳೆಯಿತು. ರವಿಶಂಕರ್ ದಂಡ ಕಟ್ಟಿದರು. ಕಣ್ಣಿನ ಆಪರೇಷನ್ ಚೆನ್ನಾಗಿಯೇ ಆಯಿತು, ಆದರೂ ಕಾರು ಮಾರಿ ಎಂಆರ್‌ಟಿ ರೈಲಿನಲ್ಲಿ ಓಡಾಡತೊಡಗಿದರು. ಆಮೇಲೆ ನಮ್ಮಿಬ್ಬರಿಗೂ ಮಾತಾಡಲು ಏನೂ ಉಳಿದಿರಲಿಲ್ಲ. ದೀಪಾವಳಿಗೆ ಒಂದು ಮೆಸೇಜ್ ಬರುತ್ತದೆ, ನಾನೂ ಒಂದು ಕಳಿಸುತ್ತೇನೆ. ಹಮೀದನ ಮೇಲೆ ಹಾಕಿದ್ದ ತಪ್ಪು ಹೋಯಿತು, ವಿಮೆಯೂ ಸಿಕ್ಕಿತು. ಕಾಲು ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. ಕಾರ್ಖಾನೆಯಲ್ಲಿ ಅವನನ್ನು ಯಂತ್ರದಿಂದ ತೆಗೆದು ಸ್ಟೋರಿನಲ್ಲಿ ಕೂರಿಸಿದರು. ಇದನ್ನು ಅವನೇ ಒಮ್ಮೆ ಫೋನ್ ಮಾಡಿ ಹೇಳಿದ. ದೂರುವ ಧ್ವನಿ ಇರಲಿಲ್ಲ. ನನಗೆ ಅದರಿಂದ ಸಮಾಧಾನವೂ ಆಗಲಿಲ್ಲ.

ವರ್ಕ್‌ಶಾಪಿಗೆ ತಪಾಸಣೆಯವರು ಬಂದು ಎರಡು ದಿನ ಎಲ್ಲ ಕೆದಕಿ ಎಚ್ಚರಿಕೆಯ ಪತ್ರ ಕೊಟ್ಟು ಹೋದರು. ಟೌಕೆ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಲೈಟಿನಿಂದ ತೆಗೆದರು. ಆರು ತಿಂಗಳು ನಾನು ಬ್ಯಾಟರಿ, ಹಾರ್ನ್, ವೈಪರ್ ಮೋಟಾರ್ ಮಾತ್ರ ಮುಟ್ಟಬೇಕು. ಮಾತೂ ಬಿಟ್ಟರು. ಬೇಕಾದದ್ದನ್ನು ಬೆರಳು ತೋರಿಸಿ ಹೇಳುವರು. ನನ್ನ ಪಕ್ಕದಲ್ಲೇ ನಿಂತು ಬೇರೆಯವರಿಗೆ ಕಾಫಿ ಹೇಳುವರು. ಆ ಆರು ತಿಂಗಳಲ್ಲಿ ಕೆಲಸ ಬಿಟ್ಟು ಊರಿಗೆ ಹೋಗೋಣ ಎಂದು ಎಷ್ಟೋ ಸಲ ಅನ್ನಿಸಿತು. ದಣಿವು ಎಂದರೆ ಮೈಯದ್ದು ಎಂದುಕೊಂಡಿದ್ದವನಿಗೆ ಬೇರೆ ದಣಿವೂ ಇದೆ ಎಂದು ಗೊತ್ತಾಯಿತು.

ಒಂದು ಬುಧವಾರ ಬೆಳಿಗ್ಗೆ ಟೌಕೆ ಒಂದು ಝೆನಾನ್ ಕಾರಿನ ಕೀ ತಂದು ನನ್ನ ಟೇಬಲ್ ಮೇಲೆ ಇಟ್ಟು ಹೋದರು. ಅಷ್ಟೇ. ಕೀ ಜೇಬಿಗೆ ಹಾಕಿಕೊಂಡು ಕೆಲಸ ಶುರು ಮಾಡಿದೆ. ಗಿರಾಕಿ ನಲವತ್ತರ ಒಬ್ಬ ಗಡಿಬಿಡಿಯ ಮನುಷ್ಯ, ಪಕ್ಕದಲ್ಲೇ ನಿಂತಿದ್ದ. ಗಾಜು ಉಜ್ಜಿ ಬಲ್ಬು ಜೋಡಿ ಬದಲಿಸಿ ಗೋಡೆಗೆ ಹಿಡಿದೆ. ಬೆಳಕು ಚೆನ್ನಾಗಿಯೇ ಬಂತು.

"ಇನ್ನೂ ಸ್ವಲ್ಪ ಮೇಲೆ ಮಾಡು ಅಂಕಲ್," ಎಂದ.

"ಆಗೋದಿಲ್ಲ. ಇದು ಸರಿಯಾಗಿದೆ. ಇದಕ್ಕಿಂತ ಬೇಕು ಅನ್ನಿಸಿದ್ರೆ ಒಮ್ಮೆ ಕಣ್ಣು ಟೆಸ್ಟ್ ಮಾಡಿಸಿ."

ಅವನಿಗೆ ಸಿಟ್ಟು ಬಂತು. ನಾನು ಲೈಟ್ ಸರಿ ಮಾಡಿಸೋಕೆ ಬಂದಿದ್ದೀನಾ, ನಿನ್ನ ಉಪದೇಶ ಕೇಳೋಕಾ ಎಂದು ಜೋರು ಮಾಡಿದ. ಕೆಲಸ ನಿಂತು ಎಲ್ಲರೂ ನೋಡತೊಡಗಿದರು. ಟೌಕೆಯೂ ಆಫೀಸಿನ ಬಾಗಿಲಿಗೆ ಬಂದು ನಿಂತರು. ನಾನು ಕೀ ತೆಗೆದು ಅವನ ಕೈಗೆ ಕೊಟ್ಟೆ. ಅವನು ಕಾರು ತೆಗೆದುಕೊಂಡು ಇದೇ ಸಾಲಿನಲ್ಲಿ ನಾಲ್ಕು ಬಾಗಿಲು ಆಚೆಗಿದ್ದ ಇನ್ನೊಂದು ವರ್ಕ್‌ಶಾಪಿಗೆ ಹೋದ. ಹತ್ತೇ ನಿಮಿಷ. ಅಲ್ಲಿ ಮಾಡಿಕೊಟ್ಟರು. ನಮ್ಮ ಮುಂದಿನಿಂದಲೇ ಹಾದು ಹೋಗುವಾಗ ಬೇಕೆಂದೇ ಲೈಟ್ ಹಾಕಿ ಹೋದ. ಹಗಲಲ್ಲೂ ಕಣ್ಣಿಗೆ ಚುಚ್ಚಿತು.

ನಾನು ಆ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತೆ. ಹಾಗಾದರೆ ನಾನು ಆಗದು ಎಂದದ್ದರಿಂದ ಏನು ಉಪಯೋಗವಾಯಿತು ಎಂದು ಅವತ್ತು ಕೇಳಿಕೊಂಡೆ, ಇವತ್ತೂ ಕೇಳಿಕೊಳ್ಳುತ್ತೇನೆ. ಹಿಂದೆ ತಿರುಗಿದಾಗ ಟೌಕೆ ಇನ್ನೂ ಬಾಗಿಲಲ್ಲೇ ಇದ್ದರು. ಹೋದ ಗಿರಾಕಿಯ ಬಗ್ಗೆ ಏನಾದರೂ ಹೇಳುತ್ತಾರೆ ಎಂದು ಕಾದೆ.

"ಮುಂದಿನ ಗಾಡಿ ಒಳಗೆ ತಗೋ, ಸದಾ," ಎಂದರು.

ಆರು ತಿಂಗಳಲ್ಲಿ ಅವರು ನನ್ನ ಹೆಸರು ಹಿಡಿದು ಆಡಿದ ಮೊದಲ ಮಾತು ಅದು. ನಾನು ಹೋಗಿ ಮುಂದಿನ ಗಾಡಿಯನ್ನು ಒಳಗೆ ತಂದೆ.